ಪಾತ್ರೆಯ ತಳದ ಬಿಳಿ ಪೊರೆ: ಬಾವಿಯ ದಾಖಲೆ, ಸ್ವಾತಿ ಮಳೆಯವರೆಗೆ

ಚಿಕ್ಕಬಳ್ಳಾಪುರದ ಹತ್ತಿರ ನಮ್ಮೂರ ಕೆರೆ ಏರಿಯ ಕೆಳಗೆ ನಮ್ಮದೊಂದು ತೆರೆದ ಬಾವಿ ಇದೆ. ಮಳೆ ನೀರು ಮೋಡದಿಂದ ಇಳಿದು ಈ ಬಾವಿ ಸೇರುವಷ್ಟರಲ್ಲಿ ಏನೇನನ್ನು ಮುಟ್ಟಿ ಬರುತ್ತದೆ ಎಂದು ಒಂದು ಮಳೆಗಾಲ ಪೂರ್ತಿ ಬರೆದಿಡಲು ಹೊರಟಿದ್ದೇನೆ. ವಾಯುಗೋಳ, ಜಲಗೋಳ, ಶಿಲಾಗೋಳ, ಜೀವಗೋಳ ಎಂದು ಶಾಲೆಯಲ್ಲಿ ನಾಲ್ಕು ಪಾಠಗಳಾಗಿ ಓದಿದ್ದನ್ನು ಒಂದೇ ಕಡೆ ಕಣ್ಣಾರೆ ನೋಡಬೇಕೆಂಬ ಆಸೆ ಬಹಳ ದಿನಗಳದ್ದು.

ಮಖೆ

ಮಳೆಮಾಪಕ ಸಿದ್ಧವಾಯಿತು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಕೂರಿಸಿದೆ. ತಳ ಏರುತಗ್ಗಾಗಿದ್ದುದರಿಂದ ಅದು ಮುಳುಗುವಷ್ಟು ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿದೆ. ಬಾವಿಗೆ ಅಡಿ ಅಡಿಗೂ ಗಂಟು ಹಾಕಿದ ಹಗ್ಗ. ಮಳೆ ಮಾತ್ರ ಹನಿದು ಹೋಯಿತು.

ಉತ್ತರೆ

ಒಂದೇ ರಾತ್ರಿ 42 ಮಿಲಿಮೀಟರ್! ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ ನಮ್ಮ ಒಂದು ಎಕರೆ ರಾಗಿ ಹೊಲದ ಮೇಲೇ ಸುಮಾರು 1 ಲಕ್ಷ 70 ಸಾವಿರ ಲೀಟರ್ ಸುರಿದಿದೆ. ಬೆಳಿಗ್ಗೆ ಆಸೆಯಿಂದ ಹಗ್ಗ ಇಳಿಸಿದರೆ ನೀರು ಮೊದಲಿನಂತೆಯೇ 31 ಅಡಿ ಕೆಳಗಿತ್ತು. ಮರುದಿನವೂ ಅಷ್ಟೇ.

ಹಿಂದೆ ಕೆರೆಯ ನೀರಗಂಟಿಯಾಗಿದ್ದ ತಾತ ಏರಿಯ ಮೇಲೆ ಕುಳಿತಿದ್ದರು. "ಮಳೆ ನೋಡಿ ಬಾವಿ ನೋಡಬೇಡಪ್ಪ, ಕೆರೆ ನೋಡಿ ಬಾವಿ ನೋಡು" ಎಂದರು.

ಹಸ್ತ

ತಾತನ ಮಾತು ನಿಜವಾಯಿತು. ಕೆರೆಯಲ್ಲಿ ನೀರು ತೂಬಿನ ಕಲ್ಲು ಮುಟ್ಟಿದ ಒಂಬತ್ತನೆಯ ದಿನ ಬಾವಿ ಒಂದು ಅಡಿ ಏರಿತು. ಅಲ್ಲಿಂದ ಮುಂದೆ ನಿಲ್ಲದೆ ಏರಿ 26 ಅಡಿಗೆ ಬಂದಿದೆ. ಹೊಲದ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲನ್ನು ಒಣಗಿದ್ದ ಮಣ್ಣು ಕುಡಿದು ರಾಗಿಗೆ ಕೊಡುತ್ತದೆ. ರಾಗಿ ಅದನ್ನು ಎಲೆಯ ಮೂಲಕ ಗಾಳಿಗೆ ಬಿಡುತ್ತದೆ. ಕೆರೆಯಲ್ಲಿ ನಿಂತ ನೀರಿಗೆ ಮಾತ್ರ ಕೆಳಗಿಳಿಯುವಷ್ಟು ಬಿಡುವು ಸಿಗುತ್ತದೆ.

ಬಾವಿಯ ಗೋಡೆಯನ್ನು ಟಾರ್ಚ್ ಹಾಕಿ ನೋಡಿದೆ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬಿಳಿಚು ಕಲ್ಲು, ತಳದಲ್ಲಿ ಗಟ್ಟಿ ಬಂಡೆ. ಬಿಳಿಚು ಕಲ್ಲಿನ ಸಂದಿಯಿಂದ ಹೊಂಗೆ ಮರದ ಬೇರೊಂದು ಹೊರಬಂದು, ತುದಿಯಲ್ಲಿ ಹನಿ ಹಿಡಿದುಕೊಂಡು ತೂಗುತ್ತಿತ್ತು. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ.

ಚಿತ್ತೆ

ಈ ಪಕ್ಷದ ಕೆಲಸ ನಡೆದದ್ದು ಅಡುಗೆಮನೆಯಲ್ಲಿ. ಒಂದು ಪಾತ್ರೆಯಲ್ಲಿ ಒಂದು ಲೀಟರ್ ಮಳೆ ನೀರು, ಇನ್ನೊಂದರಲ್ಲಿ ಅಷ್ಟೇ ಬಾವಿ ನೀರು. ಎರಡನ್ನೂ ಪೂರ್ತಿ ಇಂಗುವವರೆಗೆ ಕುದಿಸಿದೆ. ಅಮ್ಮ ಗ್ಯಾಸಿನ ಲೆಕ್ಕ ಕೇಳದೆ ಬಿಟ್ಟುಕೊಟ್ಟರು. ಮಳೆ ನೀರಿನ ಪಾತ್ರೆಯ ತಳ ಹೆಚ್ಚುಕಡಿಮೆ ಬರಿದಾಗಿತ್ತು. ಬಾವಿ ನೀರಿನದರಲ್ಲಿ ಉಗುರಿನಿಂದ ಕೆರೆದರೆ ಏಳುವಂಥ ಬಿಳಿ ಪೊರೆ. ಅದರ ಮೇಲೆ ನಿಂಬೆ ರಸ ಹಿಂಡಿದೆ. ಸಣ್ಣಗೆ ಸದ್ದು ಮಾಡುತ್ತಾ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಎದ್ದವು.

ಆ ಗುಳ್ಳೆಗಳಲ್ಲಿರುವುದು ಇಂಗಾಲದ ಡೈಆಕ್ಸೈಡ್. ನಾನು ಹುಡುಕುತ್ತಿದ್ದ ಕಥೆ ಅದರೊಳಗೇ ಇತ್ತು. ಬೀಳುವ ಮಳೆ ಗಾಳಿಯಿಂದ ಈ ಅನಿಲವನ್ನು ಸ್ವಲ್ಪ ಕರಗಿಸಿಕೊಂಡು ನಸು ಹುಳಿಯಾಗುತ್ತದೆ. ಶುದ್ಧ ಮಳೆ ನೀರಿನ ಪಿಎಚ್, ಅಂದರೆ ಹುಳಿಯ ಅಳತೆ, ಸುಮಾರು 5.6 (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು). ಮಣ್ಣಿಗೆ ಇಳಿದಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇದೇ ಅನಿಲ ಇನ್ನೂ ಹೆಚ್ಚು ಸೇರುತ್ತದೆ, ಏಕೆಂದರೆ ಮಣ್ಣಿನೊಳಗಿನ ಗಾಳಿಯಲ್ಲಿ ಅದು ಹೊರಗಿನದಕ್ಕಿಂತ ಹಲವು ಪಟ್ಟು ಇರುತ್ತದೆ. ಆ ಹುಳಿ ನೀರು ಬಂಡೆಯ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಜೇಡಿಯಾಗಿಸಿ, ಕ್ಯಾಲ್ಸಿಯಂ, ಸೋಡಿಯಂಗಳನ್ನು ಬಿಡಿಸಿಕೊಂಡು ಬರುತ್ತದೆ. ಪುಡಿಯಾಗುವ ಬಿಳಿಚು ಕಲ್ಲು ಹಾಗಾಗಿ ಆದದ್ದು. ನಮ್ಮ ಕಡೆಯ ಬಂಡೆಗಳಿಗೆ 250 ಕೋಟಿ ವರ್ಷದ ಆಸುಪಾಸಿನ ವಯಸ್ಸು. ಅಂಥ ಕಲ್ಲಿನ ಕ್ಯಾಲ್ಸಿಯಂ, ಹೊಂಗೆ ಬೇರು ಮೊನ್ನೆ ಬಿಟ್ಟ ಉಸಿರಿನೊಂದಿಗೆ ಸೇರಿ ನಮ್ಮ ಪಾತ್ರೆಯ ತಳಕ್ಕೆ ಅಂಟಿದೆ!

ನಂದಿ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಇದೇ ಸರಕನ್ನು ಹೊತ್ತು ಆಂಧ್ರ ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. ಕಡಲ ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ, ಚಿಪ್ಪುಗಳು ತಳದಲ್ಲಿ ಸುಣ್ಣಕಲ್ಲಾಗುತ್ತವೆ, ಕೋಟ್ಯಂತರ ವರ್ಷಗಳ ಮೇಲೆ ಜ್ವಾಲಾಮುಖಿಗಳು ಆ ಇಂಗಾಲವನ್ನು ಮತ್ತೆ ಗಾಳಿಗೆ ಬಿಡುತ್ತವೆ. ಭೂಮಿಯ ಬಿಸಿ ಹದ ತಪ್ಪದಂತೆ ದೀರ್ಘಕಾಲದಲ್ಲಿ ಕಾಯುವುದು ಈ ಸುತ್ತು.

ಸ್ವಾತಿ

ಪೊರೆಯ ಇನ್ನೊಂದು ಮುಖ ನನ್ನನ್ನು ನಿದ್ದೆಗೆಡಿಸಿದೆ. ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳೂ ಇವೆ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಮಿತಿ ಮೀರಿ ಕರಗಲಾರದು. ಆಳದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಕಲ್ಲಿನ ಸಂದಿಯಲ್ಲೇ ಕುಳಿತುಬಿಡುತ್ತದೆ, ಫ್ಲೋರೈಡ್ ನೀರಲ್ಲಿ ಉಳಿಯುತ್ತದೆ. ಸಾವಿರ ಅಡಿ ದಾಟಿದ ಕೊಳವೆ ಬಾವಿಗಳಿಂದ ನಾವು ಎತ್ತುತ್ತಿರುವುದು ಅಂಥ ನೀರನ್ನು. ಕುಡಿಯುವ ನೀರಿನಲ್ಲಿ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಇನ್ನೂ ಹೆಚ್ಚಾದರೆ ಮೂಳೆ ನೋವು. ಕೆರೆಗಳಿಗೆ ನೀರು ಬರುವ ರಾಜಕಾಲುವೆಯನ್ನು ಮುಚ್ಚಿದವರು ಈ ಸುತ್ತಿನ ಒಂದು ಕೊಂಡಿಯನ್ನೇ ಕಿತ್ತಿದ್ದಾರೆ ಎಂದು ನನಗೆ ಈಗ ಅನ್ನಿಸುತ್ತದೆ.

ಕೆರೆ, ತೆರೆದ ಬಾವಿ, ಪಕ್ಕದ ತೋಟದ ಕೊಳವೆ ಬಾವಿ, ಮೂರರ ನೀರನ್ನೂ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟು ಬಂದೆ. ಬಾವಿ ಇಂದು 24 ಅಡಿಗೆ ನಿಂತಿದೆ. ಕೆರೆ ಇಳಿಯತೊಡಗಿದ ಮೇಲೆ ಎಷ್ಟನೆಯ ದಿನಕ್ಕೆ ಬಾವಿ ಇಳಿಯುತ್ತದೆ ಎಂದು ನೋಡಬೇಕು. ಹಗ್ಗದ ಗಂಟುಗಳು ಸವೆದಿವೆ, ನಾಳೆ ಹೊಸ ಹಗ್ಗ ತರುತ್ತೇನೆ.