ಪಿಂಕ್ ಲೈನ್ ಹಿಡಿದು 26ನೇ ಬೀದಿಗೆ: ಚಿಕಾಗೋದ ಮೆಕ್ಸಿಕನ್ ಸ್ವಾತಂತ್ರ್ಯೋತ್ಸವ

ಅಮೆರಿಕದ ಬಾರುಗಳು ಮೇ 5ರಂದು ಗದ್ದಲ ಎಬ್ಬಿಸುವ ‘ಸಿಂಕೋ ದೆ ಮಾಯೋ’ ಮೆಕ್ಸಿಕೋದ ಸ್ವಾತಂತ್ರ್ಯ ದಿನ ಅಲ್ಲ. ಅದು 1862ರಲ್ಲಿ ಪುಯೆಬ್ಲಾದಲ್ಲಿ ಫ್ರೆಂಚ್ ಸೇನೆಯನ್ನು ಸೋಲಿಸಿದ ನೆನಪು. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. 1810ರಲ್ಲಿ ಆ ದಿನ ಬೆಳಗಿನ ಜಾವ ಮಿಗೆಲ್ ಹಿಡಾಲ್ಗೊ ಎಂಬ ಪಾದ್ರಿ ದೊಲೋರೆಸ್ ಊರಿನ ಚರ್ಚಿನ ಗಂಟೆ ಬಾರಿಸಿ ಸ್ಪೇನಿನ ಆಳ್ವಿಕೆಯ ವಿರುದ್ಧ ಜನರನ್ನು ಎಬ್ಬಿಸಿದ. ಆ ಕೂಗಿಗೆ ‘ಗ್ರಿತೋ’ ಎಂದು ಹೆಸರು. ಸ್ವಾತಂತ್ರ್ಯ ಕೈಗೆ ಬರಲು 1821ರವರೆಗೆ ಕಾಯಬೇಕಾಯಿತು, ಆದರೂ ಹಬ್ಬ ನಡೆಯುವುದು ಕೂಗೆದ್ದ ದಿನಕ್ಕೇ. ಇದು ಗೊತ್ತಿಲ್ಲದೆ ಮೇ ತಿಂಗಳಿಗೆ ಟಿಕೆಟ್ ಮಾಡಿಸಿದರೆ ನೋಡಲು ಸಿಗುವುದು ಬೇರೆಯೇ ಹಬ್ಬ.

ಚಿಕಾಗೋದಲ್ಲಿ ಇದನ್ನು ನೋಡಬೇಕಾದ ಬಡಾವಣೆಗಳು ಎರಡು, ಪಿಲ್ಸನ್ ಮತ್ತು ಲಿಟಲ್ ವಿಲೇಜ್. ಎರಡೂ ಮೊದಲು ಚೆಕ್ ವಲಸಿಗರ ಕೇರಿಗಳು. ಪಿಲ್ಸನ್ ಎಂಬ ಹೆಸರು ಬಂದದ್ದೇ ಅವರ ಪ್ಲ್‌ಜೆನ್ ಪಟ್ಟಣದಿಂದ. 1960ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿಗೆ ಜಾಗ ಮಾಡಲು ಪಕ್ಕದ ಕೇರಿಗಳನ್ನು ಕೆಡವಿದಾಗ ಮೆಕ್ಸಿಕನ್ ಕುಟುಂಬಗಳು ಪಿಲ್ಸನ್‌ಗೆ ಸರಿದವು. ಮುಂದೆ ಇನ್ನೂ ಪಶ್ಚಿಮಕ್ಕೆ, ಈಗ ‘ಲಾ ವಿಯಿತಾ’ ಎಂದು ಕರೆಯುವ ಲಿಟಲ್ ವಿಲೇಜ್‌ವರೆಗೆ ಹಬ್ಬಿದವು. ದೊಡ್ಡ ಮೆರವಣಿಗೆ ನಡೆಯುವುದು ಇಲ್ಲಿನ 26ನೇ ಬೀದಿಯಲ್ಲಿ. ಸಮಯ ಒಂದೇ ಕಡೆಗೆ ಸಾಕಾಗುವಂತಿದ್ದರೆ ಇದನ್ನೇ ಆರಿಸಿ.

ದಿನಾಂಕದ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. 26ನೇ ಬೀದಿಯ ಮೆರವಣಿಗೆ ಸಾಮಾನ್ಯವಾಗಿ 16ನೇ ತಾರೀಕಿನ ಆಸುಪಾಸಿನ ಭಾನುವಾರ, ಮಧ್ಯಾಹ್ನ 12ಕ್ಕೆ. ಪಿಲ್ಸನ್‌ನ 18ನೇ ಬೀದಿಯ ಮೆರವಣಿಗೆ ಶನಿವಾರ. ಆದರೆ ಎರಡೂ ಒಂದೇ ವಾರಾಂತ್ಯಕ್ಕೆ ಬೀಳಬೇಕೆಂದೇನಿಲ್ಲ. 2025ರಲ್ಲಿ ಪಿಲ್ಸನ್‌ನದು ಸೆಪ್ಟೆಂಬರ್ 6ಕ್ಕೆ ಮುಗಿದಿತ್ತು, ಲಿಟಲ್ ವಿಲೇಜ್‌ನದು 14ಕ್ಕೆ ನಡೆಯಿತು. ಆದ್ದರಿಂದ ಆ ವರ್ಷದ ದಿನಾಂಕ ಪ್ರಕಟವಾದ ಮೇಲೆಯೇ ಹೋಟೆಲ್ ಕಾದಿರಿಸಿ.

ಕಾರು ಬೇಡವೇ ಬೇಡ. ಒ’ಹೇರ್ ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ಮೆಟ್ರೋ ರೈಲು ಹಿಡಿದು ಕ್ಲಾರ್ಕ್/ಲೇಕ್‌ನಲ್ಲಿ ಇಳಿದರೆ ಅದೇ ನಿಲ್ದಾಣದ ಮೇಲಿನ ಪ್ಲಾಟ್‌ಫಾರ್ಮ್‌ನಲ್ಲಿ ಪಿಂಕ್ ಲೈನ್ ಸಿಗುತ್ತದೆ. ಬೋರ್ಡಿನಲ್ಲಿ ‘54/ಸರ್ಮಾಕ್’ ಎಂದಿರುವ ಗಾಡಿಯನ್ನೇ ಹತ್ತಿ. ಆಶ್‌ಲ್ಯಾಂಡ್ ನಿಲ್ದಾಣದವರೆಗೆ ಗ್ರೀನ್ ಲೈನ್ ಕೂಡ ಅದೇ ಹಳಿಯಲ್ಲಿ ಓಡುವುದರಿಂದ ಬಂದ ಗಾಡಿಗೆಲ್ಲ ಹತ್ತಿದವರು ನೇರ ಪಶ್ಚಿಮಕ್ಕೆ ಹೋಗಿಬಿಡುತ್ತಾರೆ. ಪ್ರತ್ಯೇಕ ಕಾರ್ಡು ಕೊಳ್ಳದೆ ಬ್ಯಾಂಕಿನ ಟ್ಯಾಪ್ ಕಾರ್ಡನ್ನೇ ಗೇಟಿಗೆ ತೋರಿಸಬಹುದು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಇದ್ದರೆ ಒಳ್ಳೆಯದು.

ಇಳಿಯುವುದು ಎಲ್ಲಿ? ಮೆರವಣಿಗೆ ಆಲ್ಬನಿ ಅವೆನ್ಯೂದಿಂದ ಕಾಸ್ಟ್ನರ್ ಅವೆನ್ಯೂವರೆಗೆ ಪಶ್ಚಿಮಕ್ಕೆ ಸಾಗುತ್ತದೆ. ಚಿಕಾಗೋದಲ್ಲಿ ಮನೆ ಸಂಖ್ಯೆಯೇ ದೂರದ ಅಳತೆ: 800 ಸಂಖ್ಯೆಗೆ ಒಂದು ಮೈಲಿ. ಆಲ್ಬನಿ 3100, ಕಾಸ್ಟ್ನರ್ 4400. ಅಂದರೆ ಸುಮಾರು 2.6 ಕಿಲೋಮೀಟರ್. ಆರಂಭದ ಹುರುಪು ನೋಡಬೇಕೆಂದರೆ ಕೆಡ್ಜಿ ನಿಲ್ದಾಣ, ಸ್ವಲ್ಪ ಉಸಿರಾಡುವ ಜಾಗ ಬೇಕೆಂದರೆ ಪುಲಾಸ್ಕಿ. ಎರಡೂ ಕಡೆಯಿಂದ ದಕ್ಷಿಣಕ್ಕೆ ಒಂದು ಕಿಲೋಮೀಟರಿಗೆ ತುಸು ಹೆಚ್ಚು ನಡಿಗೆ. 26ನೇ ಬೀದಿಯಲ್ಲೇ ಓಡಾಡುವ 60ನೇ ನಂಬರ್ ಬಸ್ಸನ್ನು ನಂಬಿ ಕೂರಬೇಡಿ, ಅಂದು ಅದರ ದಾರಿ ಬದಲಾಗಿರುತ್ತದೆ.

ಬೀದಿಯ ಬಾಯಿಯಲ್ಲೇ ಹೆಂಚಿನ ಮಾಡಿನ ಕಮಾನು ಕಾಣುತ್ತದೆ. ‘ಬಿಯೆನ್ವೆನಿದೋಸ್ ಆ ಲಿಟಲ್ ವಿಲೇಜ್’ (ಲಿಟಲ್ ವಿಲೇಜ್‌ಗೆ ಸ್ವಾಗತ) ಎಂದು ಬರೆದಿರುವ ಈ ಕಮಾನು ಊರಿನ ಗುರುತು. ಅದರ ಗಡಿಯಾರ ಮೆಕ್ಸಿಕೋದ ಅಂದಿನ ಅಧ್ಯಕ್ಷರು ಕೊಟ್ಟ ಕಾಣಿಕೆ. ಎಲ್ಲರೂ ಫೋಟೋಕ್ಕೆ ಇಲ್ಲೇ ನಿಲ್ಲುವುದರಿಂದ ನೂಕುನುಗ್ಗಲೂ ಇಲ್ಲೇ. ಮೆರವಣಿಗೆಗೆ ಮುಂಚೆ ಫೋಟೋ ಮುಗಿಸಿ ಪಶ್ಚಿಮಕ್ಕೆ ಐದಾರು ಬ್ಲಾಕ್ ನಡೆದುಬಿಡಿ.

ನಿಲ್ಲುವುದು ದಕ್ಷಿಣದ ಫುಟ್‌ಪಾತಿನಲ್ಲಿ. ಸೆಪ್ಟೆಂಬರಿನಲ್ಲಿ ಅಲ್ಲಿ ನಡುಹಗಲ ಸೂರ್ಯ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿರುತ್ತಾನೆ. ಎರಡಂತಸ್ತಿನ ಅಂಗಡಿಗಳ ನೆರಳು ಆ ಬದಿಯ ಫುಟ್‌ಪಾತಿನ ಮೇಲೆ ಬೀಳುತ್ತದೆ. ಬೆಳಕು ಬೆನ್ನಿಗಿರುವುದರಿಂದ ಫೋಟೋದಲ್ಲಿ ಮುಖಗಳೂ ಕಪ್ಪಾಗುವುದಿಲ್ಲ. ಎದುರು ಬದಿಗೆ ಹೋದವರು ಎರಡು ಗಂಟೆ ಕಣ್ಣು ಕಿರಿದು ಮಾಡಿಕೊಂಡೇ ಇರಬೇಕು, ಮೆರವಣಿಗೆ ಶುರುವಾದ ಮೇಲೆ ದಾಟುವುದೂ ಸುಲಭವಿಲ್ಲ. ಜಂಬೂಸವಾರಿಯ ಹಾಗೆ ಪಾಸು ಬೇಕಿಲ್ಲ. ಸ್ಥಳೀಯರು ಮಡಚುವ ಕುರ್ಚಿ ತಂದು ಮೊದಲೇ ಸಾಲು ಹಿಡಿಯುತ್ತಾರೆ. 11ಕ್ಕೆ ಮುಂಚೆ ತಲುಪಿದರೆ ಮುಂದಿನ ಸಾಲು ಸಿಗುವ ಸಂಭವ ಹೆಚ್ಚು. ಬಂದ ಕೂಡಲೇ ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ, ಏನಾದರೂ ಕೊಂಡ ಹೋಟೆಲಿನದೇ ನೆಚ್ಚಿಕೆಯದು.

ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ. ಕಾರಣ ಕುದುರೆಗಳು. ಅಗಲ ಅಂಚಿನ ಟೋಪಿ ತೊಟ್ಟ ಚಾರ್ರೋಗಳು ಕುದುರೆ ಏರಿ ಬರುತ್ತಾರೆ, ಬಾಂದಾ ಎಂಬ ಹಿತ್ತಾಳೆ ವಾದ್ಯಮೇಳದ ತಾಳಕ್ಕೆ ಕುದುರೆಗಳು ಗೊರಸು ಎತ್ತೆತ್ತಿ ಕುಣಿಯುತ್ತವೆ. ಕುಣಿಯುವ ಕುದುರೆ ಹಿಂದಕ್ಕೂ ಪಕ್ಕಕ್ಕೂ ಸರಿಯುತ್ತದೆ. ಮಕ್ಕಳನ್ನು ಎರಡು ಮೀಟರ್ ದೂರ ನಿಲ್ಲಿಸಿ. ಗರಿಗಳ ಕಿರೀಟ ತೊಟ್ಟ ಆಜ್ಟೆಕ್ ನೃತ್ಯಗಾರರ ಕಾಲಿಗೆ ಕಟ್ಟಿರುವುದು ಒಣ ಕಾಯಿಗಳ ಗೆಜ್ಜೆ, ಹೆಸರು ಆಯೋಯೋತೆ. ಜೊತೆಗೆ ಕೋಪಾಲ್ ಎಂಬ ಮರದ ಅಂಟಿನ ಧೂಪ. ವಾಸನೆ ನಮ್ಮ ಸಾಂಬ್ರಾಣಿಗೆ ಹತ್ತಿರ. ಅವರಿಗೆ ಆ ಕುಣಿತ ಪೂಜೆ ಇದ್ದ ಹಾಗೆ, ಸೆಲ್ಫಿಗೆಂದು ನಡುವೆ ನುಗ್ಗಬೇಡಿ.

ಇನ್ನು ಊಟ. ಸಸ್ಯಾಹಾರಿಗಳು ಇಲ್ಲಿ ಮೋಸ ಹೋಗುವುದು ಮಾಂಸದ ತುಂಡಿನಿಂದಲ್ಲ, ಕಣ್ಣಿಗೆ ಕಾಣದ ಕೊಬ್ಬಿನಿಂದ. ಅರೆದು ಬಾಡಿಸಿದ ಬೀನ್ಸ್ ಕಾಳಿಗೆ, ತಮಾಲೆ ಎಂಬ ಜೋಳದ ಕಡುಬಿನ ಹಿಟ್ಟಿಗೆ, ತೋರ್ತಿಯಾ ಎಂಬ ತೆಳು ಗೋಧಿ ರೊಟ್ಟಿಗೆ ಹಂದಿ ಕೊಬ್ಬು ಹಾಕುವುದು ಹಳೆಯ ರೂಢಿ. ಕೆಂಪನ್ನಕ್ಕೆ ಕೋಳಿ ಸಾರು. ಸ್ಪ್ಯಾನಿಷ್‌ನಲ್ಲಿ ‘ವೆಹೆತಾರಿಯಾನೋ’ (ಸಸ್ಯಾಹಾರಿ) ಎಂದಷ್ಟೇ ಹೇಳಿದರೆ ಮೇಲಿನ ಮಾಂಸ ತೆಗೆದು ಉಳಿದದ್ದನ್ನು ಕೊಟ್ಟುಬಿಡಬಹುದು. ‘ತಿಯೆನೆ ಮಾಂತೇಕಾ?’ (ಹಂದಿ ಕೊಬ್ಬು ಇದೆಯೇ?) ಎಂದು ಕೇಳಿ. ಮಾಂತೇಕಾ ಬೇರೆ, ಮಾಂತೆಕೀಯಾ ಬೇರೆ, ಎರಡನೆಯದು ಬೆಣ್ಣೆ. ಕೋಳಿ ಸಾರು ಬೇಡವೆನ್ನಲು ‘ಸಿನ್ ಕಾಲ್ದೋ ದೆ ಪೋಯೋ’.

ನೆಮ್ಮದಿಯಾಗಿ ತಿನ್ನಬಹುದಾದದ್ದು ಜೋಳದ ತೋರ್ತಿಯಾ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆದು ತಟ್ಟುವ ರೊಟ್ಟಿ ಅದು. ಒಳಗೆ ನೊಪಾಲೆಸ್ ಹಾಕಿಸಿಕೊಳ್ಳಿ. ಅದು ಮುಳ್ಳು ಹೆರೆದು ಸುಟ್ಟ ಪಾಪಾಸುಕಳ್ಳಿ, ಬೆಂಡೆಕಾಯಿಯಂತೆ ತುಸು ಲೋಳೆ. ಗಾಡಿಯಲ್ಲಿ ಮಾರುವ ಎಲೋತೆಗೆ ಬೆಂದ ತೆನೆಯನ್ನು ಕಡ್ಡಿಗೆ ಚುಚ್ಚಿ, ಮೊದಲು ಮೊಟ್ಟೆಯಿರುವ ಮೇಯೋನೀಸ್ ಬಳಿದು, ಕೋತೀಹಾ ಚೀಸಿನ ಪುಡಿಯಲ್ಲಿ ಹೊರಳಿಸಿ, ಖಾರದಪುಡಿ ಉದುರಿಸಿ, ನಿಂಬೆ ಹಿಂಡುತ್ತಾರೆ. ಮಾರುವವರು ತೆನೆ ಕೈಗೆತ್ತಿಕೊಳ್ಳುವ ಮೊದಲೇ ಮೊಟ್ಟೆ ಬೇಡದವರು ‘ಸಿನ್ ಮಯೊನೇಸಾ, ಕೋನ್ ಮಾಂತೆಕೀಯಾ’ (ಮೇಯೋನೀಸ್ ಬೇಡ, ಬೆಣ್ಣೆ ಇರಲಿ) ಎನ್ನಬೇಕು. ಆ ಕೈ ಬಲು ಚುರುಕು. ಕುಡಿಯಲು ಹುಣಸೆಹಣ್ಣಿನ ತಮರಿಂದೋ, ಅಕ್ಕಿಯ ಓರ್ಚಾತಾ, ಇಲ್ಲವೇ ಹಮಾಯ್ಕಾ. ಕೆಂಪಗೆ ಹುಳಿಯಾಗಿರುವ ಹಮಾಯ್ಕಾ ನಮ್ಮ ಪುಂಡಿ ಜಾತಿಯ ಗಿಡದ ಪುಷ್ಪಪಾತ್ರೆಯದು. ಚಿಲ್ಲರೆ ಡಾಲರ್ ನೋಟುಗಳು ಜೇಬಿನಲ್ಲಿರಲಿ.

ಹಿಂದಿನ ದಿನ ಬಿಡುವಿದ್ದರೆ ಪಿಲ್ಸನ್‌ನ 18ನೇ ಬೀದಿಯ ನಿಲ್ದಾಣದಲ್ಲಿ ಇಳಿಯಿರಿ. ಮೆಟ್ಟಿಲುಗಳಿಂದಲೇ ಚಿತ್ರಗಳು ಶುರು. 1987ರಲ್ಲಿ ತೆರೆದ ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್ 19ನೇ ಬೀದಿಯಲ್ಲಿದೆ. ಪ್ರವೇಶ ಉಚಿತ, ಸೋಮವಾರ ರಜೆ.

15ರ ರಾತ್ರಿ ಹಿಡಾಲ್ಗೊನ ಕೂಗನ್ನು ನೆನೆದು ಮತ್ತೆ ಕೂಗುವ ಗ್ರಿತೋ ಕಾರ್ಯಕ್ರಮಕ್ಕೆ ಹೋದರೆ ವೀರರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ, ಪ್ರತಿ ಹೆಸರಿಗೂ ‘ವಿವಾ!’ ಎನ್ನಬೇಕು, ಕೊನೆಗೆ ‘ವಿವಾ ಮೆಹಿಕೋ’ ಮೂರು ಸಲ. ರಾಷ್ಟ್ರಗೀತೆಗೆ ಅವರು ಬಲಗೈಯನ್ನು ಎದೆಮಟ್ಟಕ್ಕೆ ಅಡ್ಡಲಾಗಿ, ಅಂಗೈ ಕೆಳಮುಖವಾಗಿ ಹಿಡಿಯುತ್ತಾರೆ. ನಾವು ಸುಮ್ಮನೆ ನೆಟ್ಟಗೆ ನಿಂತರೆ ಸಾಕು. ಗ್ರಿತೋದ ಜಾಗ ಬದಲಾಗುತ್ತಿರುತ್ತದೆ, ಮುಂದಕ್ಕೆ ಹೋಗುವುದೂ ಉಂಟು: 2025ರಲ್ಲಿ ವಲಸೆ ಅಧಿಕಾರಿಗಳ ದಾಳಿಯ ಭೀತಿಯಿಂದ ಗ್ರ್ಯಾಂಟ್ ಪಾರ್ಕ್‌ನ ಉತ್ಸವವನ್ನು ಸಂಘಟಕರೇ ಮುಂದೂಡಿದರು. ಆ ಕಾರಣಕ್ಕೇ ಗುರುತಿಲ್ಲದವರ ಮುಖ ಕಾಣುವ ಫೋಟೋಗಳನ್ನು ಕೇಳದೆ ಜಾಲತಾಣಕ್ಕೆ ಏರಿಸಬೇಡಿ. ನಿಮ್ಮ ಕಾಗದಪತ್ರವೂ ಜೊತೆಗಿರಲಿ. 18 ದಾಟಿದ ವಿದೇಶಿಯರು ನೋಂದಣಿ ದಾಖಲೆಯನ್ನು ಸದಾ ಇಟ್ಟುಕೊಳ್ಳಬೇಕೆಂಬುದು ಅಲ್ಲಿನ ಕಾನೂನು. ವೀಸಾದ ಮೇಲೆ ಹೋದವರಿಗೆ ಐ-94 ಎಂಬ ದೇಶಪ್ರವೇಶ ದಾಖಲೆಯ ಪ್ರತಿ, ಗ್ರೀನ್ ಕಾರ್ಡ್ ಇದ್ದವರಿಗೆ ಆ ಕಾರ್ಡೇ.

ಕತ್ತಲಾದ ಮೇಲೆ ಬಾವುಟ ಕಟ್ಟಿದ ಕಾರುಗಳು ಹಾರ್ನ್ ಹೊಡೆಯುತ್ತ ನಗರದ ನಡುಭಾಗಕ್ಕೆ ನುಗ್ಗುತ್ತವೆ. ದಟ್ಟಣೆ ಮಿತಿ ಮೀರಿದರೆ ಪೊಲೀಸರು ಅಲ್ಲಿಗೆ ಹೋಗುವ ರಸ್ತೆಗಳನ್ನೇ ಮುಚ್ಚುತ್ತಾರೆ, ಆಮೇಲೆ ಟ್ಯಾಕ್ಸಿ ಹೋಟೆಲಿನ ಬಾಗಿಲಿಗೆ ಬರುವುದಿಲ್ಲ. ಅಂದು ರಾತ್ರಿಯ ವಿಮಾನವಿದ್ದರೆ ಮತ್ತೆ ಪಿಂಕ್ ಲೈನ್, ಬ್ಲೂ ಲೈನ್ ಹಿಡಿದೇ ಹೋಗಿ. ನಗರದ ನಡುವೆಯೇ ಉಳಿದುಕೊಂಡವರು ಹೋಟೆಲಿನ ಬುಕಿಂಗ್ ಕಾಗದ ಕೈಲಿಟ್ಟುಕೊಂಡಿರಿ, ತಡೆಬೇಲಿಯ ಬಳಿ ತೋರಿಸಬೇಕಾಗಿ ಬರಬಹುದು.