ಸೌಂಡ್ ಬೇಡ, ಕಾರಿನ ಅಡಿ ತೋರಿಸಿ

"ಹಳೇ ಸ್ಪೋರ್ಟ್ಸ್ ಕಾರು ಒಂದು ಸಿಕ್ಕಿದೆ. ಕಮ್ಮಿ ಓಡಿದೆ. ಎಂಜಿನ್ ಸಖತ್ತಾಗಿದೆ. ತಗೋಬಹುದಾ?"

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಜೊತೆಗೆ ಒಂದು ವಿಡಿಯೊ ಇದ್ದೇ ಇರುತ್ತದೆ. ಯಾರೋ ನಿಂತಲ್ಲೇ ಆಕ್ಸಿಲರೇಟರ್ ತುಳಿಯುತ್ತಿರುತ್ತಾರೆ, ಸೈಲೆನ್ಸರ್ ಗುಡುಗುತ್ತಿರುತ್ತದೆ. ಮೊದಲೆಲ್ಲ ಒಬ್ಬೊಬ್ಬರಿಗೂ ಸಮಾಧಾನವಾಗಿ ಹೇಳುತ್ತಿದ್ದೆ. ಈಗ ಸಾಕಾಗಿದೆ. ಇಲ್ಲಿ ಬರೆದುಬಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನೇರ ಉತ್ತರ ಇದು: ಸೌಂಡ್ ಕೇಳಿ ಹೇಳೋಕಾಗಲ್ಲ. ಆ ಕಾರು ರಸ್ತೆಗೆ ಇಳಿಯೋಕೆ ಯೋಗ್ಯವೋ ಅಲ್ಲವೋ ಅನ್ನೋದು ಬ್ರೇಕ್, ಸ್ಟೀರಿಂಗ್, ಟೈರ್, ಸಸ್ಪೆನ್ಷನ್, ಮತ್ತೆ ಇವನ್ನೆಲ್ಲ ಹಿಡಿದುಕೊಂಡಿರುವ ಬಾಡಿಯ ಲೋಹದ ಮೇಲೆ ನಿಂತಿದೆ. ನಿಂತ ಗಾಡಿಯ ವಿಡಿಯೊದಲ್ಲಿ ಇದರಲ್ಲಿ ಒಂದೂ ಸದ್ದು ಮಾಡಲ್ಲ.

ಇನ್ನು "ಕಮ್ಮಿ ಓಡಿದೆ" ಅನ್ನೋ ಮಾತು. ಅದನ್ನು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಇಪ್ಪತ್ತೈದು ವರ್ಷದ ಕಾರು ಕಮ್ಮಿ ಓಡಿದೆ ಅಂದರೆ ಜಾಸ್ತಿ ಕಾಲ ನಿಂತಿದೆ ಅಂತ ತಾನೇ? ನಿಂತ ಕಾರಿಗೂ ವಯಸ್ಸಾಗುತ್ತದೆ. ಟೈರ್ ಗಟ್ಟಿಯಾಗುತ್ತದೆ, ರಬ್ಬರ್ ಹೋಸ್ ಸೀಳುತ್ತದೆ, ಸಸ್ಪೆನ್ಷನ್ನಿನ ರಬ್ಬರ್ ಬುಶ್ ಬಿರಿಯುತ್ತದೆ, ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಇದ್ದಲ್ಲೇ ಹಳತಾಗುತ್ತದೆ. ಬೆಲ್ಟ್ ಬದಲಿಸೋಕೆ ಕಂಪನಿಗಳು ಕಿಲೋಮೀಟರ್ ಜೊತೆಗೆ ವರ್ಷದ ಲೆಕ್ಕವನ್ನೂ ಕೊಡೋದು ಇದಕ್ಕೇ.

ಟೈರನ್ನು ಯಾರು ಬೇಕಾದರೂ ನೋಡಬಹುದು. ಪಕ್ಕದಲ್ಲಿ ಡಾಟ್ (DOT) ಅಂತ ಅಚ್ಚಾದ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಆ ಟೈರ್ 2000ಕ್ಕಿಂತ ಮುಂಚಿನದು. ಅಂಥದ್ದರ ಮೇಲೆ ಟೆಸ್ಟ್ ಡ್ರೈವ್‌ಗೂ ಹೋಗಬೇಡಿ. ಮೇಲಿನ ಗೀರುಗಳು ಎಷ್ಟೇ ಆಳವಾಗಿರಲಿ, ಹತ್ತು ವರ್ಷ ದಾಟಿದ ಟೈರ್ ತೆಗೆದುಹಾಕಿ ಅಂತ ಮಿಷೆಲಿನ್‌ನಂಥ ಟೈರ್ ಕಂಪನಿಯೇ ಹೇಳುತ್ತದೆ. ಒಳಗಿನ ಅಂಚು ಮಾತ್ರ ಸವೆದಿದೆಯಾ ಅಂತಲೂ ಕೈ ಹಾಕಿ ನೋಡಿ. ಹಾಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರ ನಿಲ್ಲುವ ಕೋನ, ಹೋಗಿರಬಹುದು, ಅಥವಾ ಸಸ್ಪೆನ್ಷನ್ನಿನ ಯಾವುದೋ ಆರ್ಮ್ ಬಗ್ಗಿರಬಹುದು.

ಬ್ರೇಕ್ ವಿಚಾರ ಇನ್ನೂ ಮೋಸದ್ದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ಅನ್ನೋ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯೋಕೆ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ನೂರಕ್ಕೆ ಮೂರು-ನಾಲ್ಕು ಪಾಲು ನೀರು ಸೇರಿಕೊಂಡರೆ 155ರ ಹತ್ತಿರಕ್ಕೆ ಇಳಿಯಬಹುದು. ಮನೆ ಸುತ್ತ ಒಂದು ರೌಂಡ್ ಹೊಡೆದರೆ ಏನೂ ಗೊತ್ತಾಗಲ್ಲ, ಪೆಡಲ್ ಗಟ್ಟಿಯಾಗೇ ಇರುತ್ತದೆ. ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕ್ ಹಿಡಿದಾಗ ಆ ಆಯಿಲ್ ಕುದಿಯುತ್ತದೆ, ಆವಿ ತುಂಬಿಕೊಳ್ಳುತ್ತದೆ, ಪೆಡಲ್ ಸೀದಾ ತಳ ಮುಟ್ಟುತ್ತದೆ. ಸ್ಪೋರ್ಟ್ಸ್ ಕಾರನ್ನು ಜನ ಓಡಿಸೋದೇ ಅಂಥ ರಸ್ತೆ ಹುಡುಕಿಕೊಂಡು ಅಲ್ವಾ? ಇನ್ನೊಂದು ಪರೀಕ್ಷೆ ಇದೆ. ಗಾಡಿ ನಿಂತಿರುವಾಗ ಎಂಜಿನ್ ಆನ್ ಇಟ್ಟು, ಪೆಡಲನ್ನು ಅರ್ಧ ನಿಮಿಷ ಒಂದೇ ಸಮ ಒತ್ತಿ ಹಿಡಿಯಿರಿ. ಕಾಲು ಮೆಲ್ಲಗೆ ಕೆಳಗೆ ಜಾರಿದರೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಲೀಕ್ ಇದೆ.

ಒಂದು ಸಲ ಪರಿಚಯದ ಹುಡುಗನ ಜೊತೆ ಮಜ್ದಾ ಎಂಎಕ್ಸ್-5 ನೋಡೋಕೆ ಹೋಗಿದ್ದೆ. ಎರಡೇ ಸೀಟಿನ, ಬಟ್ಟೆ ಟಾಪಿನ ಕಾರು. 1989ರಲ್ಲಿ ಬಂತಲ್ಲ, ಆ ಮೊದಲ ಮಾದರಿ. ಕೆಂಪು ಬಣ್ಣ ಫಳಫಳ ಅಂತಿತ್ತು. "ಅಣ್ಣಾ, ಸೌಂಡ್ ಒಂದ್ಸಲ ಕೇಳಿ ಸಾಕು" ಅಂದ. ನಾನು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ.

ಕಾರಣ ಇದೆ. ಈ ಕಾರಿನಲ್ಲಿ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಬದಿಯ ಸಣ್ಣ ಕೊಳವೆಗಳಲ್ಲಿ ಇಳಿದು ಹಿಂಚಕ್ರದ ಮುಂದೆ ಆಚೆ ಹೋಗಬೇಕು. ಎಲೆ, ಮಣ್ಣು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ನಿಲ್ಲುತ್ತದೆ. ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಭಾಗ. ಅದು ಒಳಗಿಂದ ಕೊಳೆಯುತ್ತಾ ಬರುತ್ತದೆ, ಹೊರಗೆ ಕಾಣುವ ಹೊತ್ತಿಗೆ ಒಳಗಡೆ ಮುಗಿದಿರುತ್ತದೆ.

ಸಿಲ್ಲಿನ ಹಿಂದಿನ ತುದಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಬಣ್ಣ ಉಬ್ಬಿತ್ತು. ಹೆಬ್ಬೆರಳಲ್ಲಿ ಒತ್ತಿದೆ, ಚರ್ ಅಂತು. ಬಟ್ಟೆ ಸುತ್ತಿದ ಆಯಸ್ಕಾಂತ ಬಾಗಿಲಿಗೆ ಗಪ್ಪನೆ ಅಂಟಿತು, ಸಿಲ್ಲಿಗೆ ಇಟ್ಟರೆ ಜಾರಿ ಬಿತ್ತು. ಅಂದರೆ ಅಲ್ಲಿ ತಗಡಿಲ್ಲ, ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದಾರೆ. ಲಿಫ್ಟ್ ಮೇಲೆ ಹತ್ತಿಸಿದರೆ ಅಡಿಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್. ಮಾರುವವರನ್ನು ಕೇಳಿಕೊಂಡೇ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ಎಳೆದಾಗ ಒದ್ದೆ ತುಕ್ಕಿನ ಚೂರು, ಕೊಳೆತ ಎಲೆ ಉದುರಿದವು.

"ಅದು ಮೇಲ್ಮೇಲಿನ ತುಕ್ಕು ಸಾರ್" ಅಂದರು ಮಾರುವವರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಎಂಜಿನ್ ಚೆನ್ನಾಗಿದೆ ಅಲ್ವಾ ಅಣ್ಣಾ?" ಅಂದ. ನಿಜಕ್ಕೂ ಚೆನ್ನಾಗಿತ್ತು. ಆದರೆ ಲೋಹದ ಟಾಪ್ ಇಲ್ಲದ ಕಾರಿನಲ್ಲಿ ಬಾಡಿಯ ಬಿಗಿ ಬಹುಪಾಲು ಆ ಸಿಲ್ಲುಗಳಲ್ಲೇ ಇರುತ್ತದೆ. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಒಳಗೆ ಕೂತವರಿಗೂ ಆ ಗಾಡಿಗೂ ನಡುವೆ ಇರೋದು ಬಾಗಿಲು ಮತ್ತು ಅದೇ ಸಿಲ್. ಅದನ್ನು ಪುಟ್ಟಿಯಲ್ಲಿ ಮುಚ್ಚಿ ಮಾರೋದನ್ನು ನಾನು ಸಣ್ಣ ಸುಳ್ಳು ಅಂತ ಬಿಡಲಾರೆ.

"ನೀವು ಎಲ್ಲದಕ್ಕೂ ಬೇಡ ಅಂತೀರಿ, ನಿಮಗೆ ಹಳೇ ಕಾರೇ ಆಗಲ್ಲ" ಅಂತ ಕೆಲವರು ಹೇಳುತ್ತಾರೆ. ಸುಳ್ಳು. ಹಳೇ ಸ್ಪೋರ್ಟ್ಸ್ ಕಾರು ಅಂದರೆ ನನಗೆ ಪ್ರಾಣ. ಹಗುರ ಬಾಡಿ, ಕೈಗೆ ರಸ್ತೆಯನ್ನೇ ತಂದುಕೊಡುವ ಸ್ಟೀರಿಂಗ್, ಅದರ ಸುಖ ಗೊತ್ತಿರೋದಕ್ಕೇ ಇಷ್ಟು ಜಗಳ.

ನನ್ನನ್ನು ಕೇಳಬೇಕಾದದ್ದು "ತಗೋಬಹುದಾ" ಅಂತ ಅಲ್ಲ. "ಇದನ್ನು ರಸ್ತೆಗೆ ಇಳಿಸೋ ಮುಂಚೆ ಏನೇನು ಬದಲಿಸಬೇಕು? ಏನು ಕಂಡರೆ ಬಿಟ್ಟು ಬರಬೇಕು?" ಅಂತ ಯಾರಾದರೂ ಕೇಳಲಿ, ಅರ್ಧ ದಿನ ಕೂತು ಮಾತಾಡುತ್ತೇನೆ. ಯಾಕೆಂದರೆ ಟೈರ್, ಬ್ರೇಕ್ ಆಯಿಲ್, ಬ್ರೇಕ್ ಹೋಸ್, ಪೆಟ್ರೋಲ್ ಹೋಸ್, ಬುಶ್, ಬೆಲ್ಟ್ ಇವೆಲ್ಲ ಬದಲಿಸುವ ಸಾಮಾನು. ಹೋಗಿವೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ. ಪೆಟ್ರೋಲ್ ಹೋಸ್ ಮಾತ್ರ ಮುಂದೂಡಬೇಡಿ, ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ ಹತ್ತಬಹುದು.

ಎಂಜಿನ್ ಕೂಡ ಕೊನೆಗೆ ದುಡ್ಡಿನ ಪ್ರಶ್ನೆಯೇ. ಟರ್ಬೊ ಅಲ್ಲದ ಮಾಮೂಲಿ ಪೋರ್ಷೆ 996 ಬಗ್ಗೆ ಎಲ್ಲರೂ ಎಂಜಿನ್ ಒಳಗೆ ತಿರುಗುವ ಇಂಟರ್ಮೀಡಿಯೆಟ್ ಶಾಫ್ಟ್ ಅನ್ನೋ ದಂಡದ ಬೇರಿಂಗ್ ಹೇಗಿದೆ ಅಂತ ಕೇಳುತ್ತಾರೆ. ಹೌದು, ಅದು ಹೋದರೆ ಎಂಜಿನ್ನೇ ಹೋಗಬಹುದು. ಹಾಗಂತ ಅದೊಂದನ್ನೇ ಹಿಡಿದುಕೊಂಡು ಬ್ರೇಕ್ ಪೈಪಿನ ತುಕ್ಕು ನೋಡದೆ ಬರೋದಾ?

ಬಿಟ್ಟು ಬರಬೇಕಾದದ್ದು ಬಾಡಿ ಹೋದಾಗ. ಬಿಎಂಡಬ್ಲ್ಯು ಇ46 ಎಂ3ಯಲ್ಲಿ ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು, ಕೂರುವ ಜಾಗದ ತಗಡು ಬಿರುಕು ಬಿಡೋದು ಹೆಸರುವಾಸಿ ತೊಂದರೆ. ಬಿರುಕು ಸಣ್ಣದಿದ್ದಾಗಲೇ ಸರಿಯಾಗಿ ವೆಲ್ಡ್ ಮಾಡಿ ಪ್ಲೇಟ್ ಕೊಟ್ಟು ಬಿಗಿ ಮಾಡಿದ್ದರೆ ಪರವಾಗಿಲ್ಲ, ಇಲ್ಲದಿದ್ದರೆ ಬೇಡ. 1996ರಲ್ಲಿ ಬಂದ ಲೋಟಸ್ ಎಲಿಸ್‌ನ ಚಾಸಿ, ಅಂದರೆ ಇಡೀ ಕಾರನ್ನು ಹೊರುವ ಚೌಕಟ್ಟು, ಅಲ್ಯೂಮಿನಿಯಂ ತುಂಡುಗಳನ್ನು ಗೋಂದಿನಲ್ಲಿ ಅಂಟಿಸಿ ಮಾಡಿದ್ದು. ಆಕ್ಸಿಡೆಂಟಿನಲ್ಲಿ ಬಗ್ಗಿದರೆ ಬಡಿದು ನೇರ ಮಾಡುವ ಮಾತೇ ಇಲ್ಲ. ಮೇಲಿನ ಫೈಬರ್ ಬಾಡಿ ಹೊಸದಾಗಿ ಕಂಡರೂ ಚಾಸಿ ನೋಡಲೇಬೇಕು.

ಮುಂಚಕ್ರ ಎತ್ತಿಸಿದಾಗ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದರೆ ವೀಲ್ ಬೇರಿಂಗ್ ಅಥವಾ ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್ ಸವೆದಿದೆ. ಎಡ ಬಲ ಹಿಡಿದಾಗ ಸಡಿಲ ಇದ್ದರೆ ಹೆಚ್ಚಾಗಿ ಟೈ ರಾಡ್, ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸಲಾಕೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ದೋಷ ಮುಚ್ಚೋಕೆ ಯಾರೋ ಬಲ್ಬ್ ಕಿತ್ತಿರಬಹುದು. ಸೀಟ್ ಬೆಲ್ಟನ್ನು ಜಗ್ಗನೆ ಎಳೆದರೆ ಲಾಕ್ ಆಗಬೇಕು.

"ತಪಾಸಣೆ ಪಾಸಾಗಿದೆ, ಸರ್ಟಿಫಿಕೇಟ್ ಇದೆ" ಅಂತ ಕಾಗದ ತೋರಿಸುತ್ತಾರೆ. ಇಟ್ಟುಕೊಳ್ಳಲಿ. ಅದು ಆ ದಿನದ ಮಾತು, ಅದೂ ಏನೂ ಬಿಚ್ಚದೆ ಕಂಡಷ್ಟರ ಮಾತು. ಎಂಜಿನ್ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಆಮೇಲೆ ಲಿಫ್ಟ್ ಮೇಲೆ ಹತ್ತಿಸೋಣ ಅನ್ನಿ. ಅದರ ಖರ್ಚು ನಾನೇ ಕೊಡುತ್ತೇನೆ ಅಂದರೂ ಒಪ್ಪದಿದ್ದರೆ, ಆ ಕಾರಿನ ಬಗ್ಗೆ ನನ್ನನ್ನು ಕೇಳುವ ಅಗತ್ಯ ಇಲ್ಲ.