ಜಿಪ್ಸಿಯ ಈ ಸದ್ದು ಮಾಮೂಲಿಯೇ, ರಿಪೇರಿಯೇ?

ಕೊಡಗಿನಲ್ಲಿ ಹಳೆಯ ಮಾರುತಿ ಜಿಪ್ಸಿಯನ್ನು ಹೊಸದಾಗಿ ಕೊಂಡವರು ಮೊದಲ ತಿಂಗಳಲ್ಲಿಯೇ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಅಣ್ಣಾ, ಗಾಡಿ ತಂದಾಗಿನಿಂದ ಅಡಿಯಲ್ಲಿ ಏನೋ ಗುಂಯ್‌ಗುಡುತ್ತದೆ, ಲಿವರ್ ನಡುಗುತ್ತದೆ, ಸ್ಟೇರಿಂಗ್ ಆಡುತ್ತದೆ. ಇದೆಲ್ಲ ಮಾಮೂಲಿಯಾ, ಇಲ್ಲ ಗ್ಯಾರೇಜಿಗೆ ಬಿಡಬೇಕಾ?” ನನ್ನ ಉತ್ತರವೂ ಬದಲಾಗಿಲ್ಲ. ಒಂದೇ ವೇಗದಲ್ಲಿ, ಒಂದೇ ಗೇರಿನಲ್ಲಿ, ಒಂದೇ ರೀತಿಯ ರಸ್ತೆಯಲ್ಲಿ ಪ್ರತಿ ಸಲವೂ ಅದೇ ಪ್ರಮಾಣದಲ್ಲಿ ಕೇಳಿಸುವ ಸದ್ದು ಬಹುಮಟ್ಟಿಗೆ ಗಾಡಿಯ ಸ್ವಭಾವ. ನಿನ್ನೆ ಇಲ್ಲದೆ ಇಂದು ಬಂದದ್ದು, ಅಥವಾ ವಾರದಿಂದ ವಾರಕ್ಕೆ ಬೆಳೆಯುತ್ತಿರುವುದು ರಿಪೇರಿ. ಆದರೆ ಈ ವ್ಯತ್ಯಾಸವನ್ನು ಗುರುತಿಸಬೇಕಾದರೆ ಸದ್ದು ಎಲ್ಲಿಂದ, ಏಕೆ ಹುಟ್ಟುತ್ತದೆ ಎಂಬುದು ಗೊತ್ತಿರಬೇಕು.

ಜಿಪ್ಸಿ 1985ರಲ್ಲಿ 970 ಸಿಸಿಯ ಸಣ್ಣ ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂದ ಗಾಡಿ. ಮುಂದೆ 1.3 ಲೀಟರ್ ಎಂಜಿನ್ ಬಂದಿತು, ಕಾರ್ಬ್ಯುರೇಟರ್ ಹೋಗಿ ಪೆಟ್ರೋಲನ್ನು ಸಿಂಪಡಿಸುವ ಎಂಪಿಎಫ್‌ಐ ವ್ಯವಸ್ಥೆ ಬಂದಿತು; ಆದರೂ ಏಣಿಯಂಥ ಚಾಸಿ, ನಾಲ್ಕು ಮೂಲೆಗೂ ಲೀಫ್ ಸ್ಪ್ರಿಂಗ್, ಹಿಂದೆ ಮುಂದೆ ಗಟ್ಟಿ ಆಕ್ಸಲ್ ಎಂಬ ಮೂಲ ರಚನೆ ಕೊನೆಯವರೆಗೂ ಉಳಿಯಿತು. ಕ್ಯಾನ್ವಾಸ್ ಹೊದಿಕೆಯ ಗಾಡಿ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಕೆಸರಿನ ತೋಟದ ದಾರಿಯಲ್ಲಿ ಭಾರದ ಗಾಡಿಗಳು ಹೂತುಕೊಳ್ಳುವ ಕಡೆ ಇದು ಮೇಲೆಮೇಲೆ ನಡೆದು ಹೋಗುವುದು ಈ ಹಗುರತನದಿಂದಲೇ. ಅದೇ ಕಾರಣಕ್ಕೆ, ಸದ್ದನ್ನು ನುಂಗುವ ದಪ್ಪ ಮ್ಯಾಟ್ ಆಗಲಿ, ಒಳಪದರವಾಗಲಿ ಇದರಲ್ಲಿ ಇಲ್ಲವೆಂದೇ ಹೇಳಬೇಕು. ಈಚಿನ ಕಾರಿನಿಂದ ಇಳಿದು ಇದಕ್ಕೆ ಹತ್ತಿದವರ ಕಿವಿಗೆ ಅಲ್ಲಿ ಮುಚ್ಚಿಹೋಗಿದ್ದ ಸದ್ದೆಲ್ಲ ಇಲ್ಲಿ ಒಮ್ಮೆಗೇ ಬೀಳುತ್ತದೆ.

ಹೆಚ್ಚಿನವರು ಹೆದರುವುದು ಟ್ರಾನ್ಸ್‌ಫರ್ ಕೇಸಿನ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಮತ್ತು ಮುಂದಿನ ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆಯ, ಸದ್ದಿಗೆ. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಗೇರ್‌ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟ್ ಹೊರಟು ಪ್ರತ್ಯೇಕವಾಗಿ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವ ಟ್ರಾನ್ಸ್‌ಫರ್ ಕೇಸಿಗೆ ಹೋಗುತ್ತದೆ. ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು ಶಾಫ್ಟ್. ಆ ರಬ್ಬರುಗಳು ಸ್ವಲ್ಪ ಬಾಗುವುದರಿಂದ ಆಕ್ಸಿಲರೇಟರ್ ಒತ್ತಿದಾಗ ಕೇಸು ಒಂದು ಕಡೆಗೂ, ಬಿಟ್ಟಾಗ ಇನ್ನೊಂದು ಕಡೆಗೂ ವಾಲುತ್ತದೆ, ಅದರ ಮೇಲಿರುವ ಲಿವರ್ ಜೊತೆಗೇ ಅಲುಗುತ್ತದೆ. ಇಷ್ಟು ಸಹಜ. ಲಿವರ್ ಮುಂದೆ ಹಿಂದೆ ಜೋರಾಗಿ ಬಡಿದುಕೊಳ್ಳುತ್ತಿದ್ದರೆ ಅಥವಾ ಏರಿನಲ್ಲಿ ತಾನಾಗಿಯೇ ನ್ಯೂಟ್ರಲ್‌ಗೆ ಬಿದ್ದರೆ ಮಾತ್ರ ಮೌಂಟಿಂಗ್ ಹರಿದಿದೆಯೇ ಎಂದು ಅಡಿಗೆ ಹೋಗಿ ನೋಡಬೇಕು.

ಇನ್ನು ಗುಂಯ್‌ಗುಡುವ ಸದ್ದು. ಬೇರೆ ಹಲವು ಫೋರ್‌ವೀಲ್ ಗಾಡಿಗಳಲ್ಲಿ ಹೈ ರೇಂಜ್ (ಮಾಮೂಲಿ ಓಟದ ಸ್ಥಾನ) ಎಂದರೆ ಶಕ್ತಿ ನೇರವಾಗಿ, ಒಂದು ಸುತ್ತಿಗೆ ಒಂದು ಸುತ್ತಾಗಿ, ದಾಟಿಹೋಗುವ ವ್ಯವಸ್ಥೆ. 1.3 ಲೀಟರಿನ ಜಿಪ್ಸಿಯಲ್ಲಿ ಹೈ ರೇಂಜಿನ ಅನುಪಾತವೇ 1.409, ಲೋ ರೇಂಜಿನದು 2.268. ಅಂದರೆ ಟಾರು ರಸ್ತೆಯಲ್ಲಿ ಟೂ ವೀಲ್‌ನಲ್ಲಿ ಓಡುವಾಗಲೂ ಎಂಜಿನ್ನಿನ ಶಕ್ತಿ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೂಲಕವೇ ಹಾದು ಹೋಗುತ್ತದೆ. ಹಲ್ಲು ಹಲ್ಲಿಗೆ ತಾಗುವ ಸದ್ದು ಎಂದಿಗೂ ಪೂರ್ತಿ ನಿಲ್ಲುವುದಿಲ್ಲ. ಕುಶಾಲನಗರದ ಸಮತಟ್ಟಾದ ರಸ್ತೆಯಲ್ಲಿ ಟಾಪ್ ಗೇರಿನಲ್ಲಿದ್ದರೂ ಎಂಜಿನ್ ಇನ್ನೂ ಒಂದು ಗೇರು ಬೇಕೆಂದು ಕೇಳುವಂತೆ ಕೂಗುವುದಕ್ಕೂ ಈ 1.409 ಒಂದು ಕಾರಣ. ಈ ಸದ್ದು ವೇಗದೊಂದಿಗೆ ಏರುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಸ್ವರ ಬದಲಿಸುತ್ತದೆ. ಅದು ಗೇರಿನ ಲಕ್ಷಣ. ಕಾಲು ಒತ್ತಿದರೂ ಬಿಟ್ಟರೂ ಒಂದೇ ಸಮನೆ ಒರಟಾಗಿ ಗೊರಗುಟ್ಟುವ ಸದ್ದಾದರೆ ಬೇರಿಂಗನ್ನು ಅನುಮಾನಿಸಬೇಕು, ಮೊದಲು ಆಯಿಲ್ ಮಟ್ಟ ನೋಡಬೇಕು.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಸಮತಟ್ಟಾದ ಜಾಗವೇ ಕಡಿಮೆ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ, ಗಾಡಿಯನ್ನು ಫಸ್ಟ್ ಗೇರಿನಲ್ಲಿ ನಿಲ್ಲಿಸಿದ್ದರೂ ಆ ಗೇರು ಚಕ್ರವನ್ನು ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಎರಡು ಲಿವರುಗಳನ್ನೂ ನೋಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ.

ಆಕ್ಸಿಲರೇಟರ್ ಒತ್ತಿ ಬಿಡುವಾಗ ಅಡಿಯಲ್ಲಿ ಕೇಳುವ ಒಂದೇ ಒಂದು “ಟಕ್” ಕೂಡ ಹೀಗೆಯೇ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಶಾಫ್ಟುಗಳ ತುದಿಯ ಕೀಲುಗಳಾದ ಕ್ರಾಸ್, ಆಕ್ಸಲ್ ನಡುವಿನ ಗೇರುಗಳಾದ ಡಿಫರೆನ್ಷಿಯಲ್ ಇವೆಲ್ಲವುಗಳ ನಡುವಿನ ಸಣ್ಣ ಸಣ್ಣ ಸಡಿಲ ಸೇರಿ ಆ ಸದ್ದಾಗುತ್ತದೆ. ಗಾಡಿ ನಿಧಾನವಾಗಿ ಹೊರಡುವಾಗ ಶಾಫ್ಟಿನ ಸುತ್ತಿಗೆ ಸರಿಯಾಗಿ “ಟಿಕ್ ಟಿಕ್” ಎನ್ನುತ್ತಾ ವೇಗದೊಂದಿಗೆ ಅದೂ ಬಿರುಸಾದರೆ ಕ್ರಾಸ್ ಸವೆದಿದೆ ಎಂದು ತಿಳಿಯಬಹುದು. ಗಾಡಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿದರೆ ಕ್ರಾಸಿನೊಳಗಿನ ಆಟ ಕಣ್ಣಿಗೇ ಕಾಣಿಸುತ್ತದೆ.

ಮಳೆಗಾಲದಲ್ಲಿ ಬರುವ ಪ್ರಶ್ನೆ ಬೇರೆ: ಫೋರ್ ವೀಲ್ ಹಾಕಿ ಟಾರು ರಸ್ತೆಯ ತಿರುವಿನಲ್ಲಿ ತಿರುಗಿಸಿದರೆ ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ತಡೆಯುತ್ತದೆ, ಆಮೇಲೆ ಲಿವರೂ ಬಿಡಿಸಿಕೊಳ್ಳುವುದಿಲ್ಲ. ಇದು ದೋಷವಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಜಿಪ್ಸಿಯಲ್ಲಿ ಆ ವ್ಯತ್ಯಾಸವನ್ನು ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಅದು ಸರಿಹೋಗುತ್ತದೆ, ಗಟ್ಟಿ ನೆಲದಲ್ಲಿ ಬಿಗಿತವಾಗಿ ಶಾಫ್ಟುಗಳಲ್ಲಿ ಕೂರುತ್ತದೆ. ನಾಲ್ಕಾರು ಅಡಿ ನೇರವಾಗಿ ರಿವರ್ಸ್ ಹೋದರೆ ಲಿವರ್ ಬಿಡುತ್ತದೆ. ತೋಟದ ಗೇಟು ದಾಟಿ ಟಾರಿಗೆ ಹತ್ತುವ ಮುನ್ನವೇ ಟೂ ವೀಲ್‌ಗೆ ತರುವುದು ಒಳ್ಳೆಯ ಅಭ್ಯಾಸ. ಮುಂದಿನ ಚಕ್ರವನ್ನು ಆಕ್ಸಲಿಗೆ ಜೋಡಿಸುವ, ಬಿಡಿಸುವ, ಕೈಯಿಂದ ತಿರುಗಿಸುವ ಹಬ್ ಇರುವ ಗಾಡಿಯಾದರೆ ಅವನ್ನು ಲಾಕಿನಲ್ಲೇ ಬಿಟ್ಟಾಗ ಟೂ ವೀಲ್‌ನಲ್ಲೂ ಮುಂದಿನ ಶಾಫ್ಟ್ ಸುಮ್ಮನೆ ತಿರುಗಿ ಸದ್ದು ಹೆಚ್ಚುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ಹಬ್ಬನ್ನು ನೋಡಿ.

ಸ್ಟೇರಿಂಗ್ ವಿಷಯದಲ್ಲಿ ನಾನು ಇಷ್ಟು ಉದಾರವಾಗಿ ಮಾತನಾಡುವುದಿಲ್ಲ. ನೇರ ರಸ್ತೆಯಲ್ಲಿ ನಡುವೆ ಸ್ವಲ್ಪ ಆಟ ಇರುವುದು, ಒಂದು ಚಕ್ರ ಗುಂಡಿಗಿಳಿದಾಗ ಸ್ಟೇರಿಂಗ್ ಕೊಂಚ ಎಳೆಯುವುದು ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗಿನ ಗಾಡಿಗೆ ಸಹಜ. ಆದರೆ ಗುಂಡಿಯೊಂದಕ್ಕೆ ಬಿದ್ದೆದ್ದ ಮೇಲೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಅಲುಗಲು ಶುರುವಾಗಿ, ವೇಗ ಇಳಿಸುವವರೆಗೆ ನಿಲ್ಲದಿದ್ದರೆ, ಯಾರು “ಜಿಪ್ಸಿ ಅಂದ್ರೆ ಹಾಗೇ” ಎಂದರೂ ಒಪ್ಪಬೇಡಿ. ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್, ಚಕ್ರದ ಬ್ಯಾಲೆನ್ಸಿಂಗ್ ಮೂರನ್ನೂ ತೋರಿಸದೆ ಸಂಪಾಜೆ ಘಾಟಿ ಇಳಿಯಬೇಡಿ. ಮುಂದಿನ ಆಕ್ಸಲಿನ ತುದಿಯ ಚೆಂಡಿನಾಕಾರದ ಭಾಗದ ಮೇಲೆ ತೆಳುವಾಗಿ ಗ್ರೀಸ್ ಕಂಡರೆ ಚಿಂತೆಯಿಲ್ಲ; ತೆಳ್ಳಗಿನ ಗೇರ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲ್ ಹೋಗಿದೆ.

ಹಿಂದೆ ಯಾರೂ ಇಲ್ಲದಾಗ ಗಾಡಿ ಕುಪ್ಪಳಿಸುತ್ತದೆ, ಐವತ್ತು ಕೆ.ಜಿ.ಯ ನಾಲ್ಕು ಕಾಫಿ ಮೂಟೆ ಹೇರಿದರೆ ಮೆತ್ತಗಾಗುತ್ತದೆ. ಸ್ಪ್ರಿಂಗ್ ಬದಲಾಯಿಸುವ ಮೊದಲು ಟೈರಿನ ಗಾಳಿ ನೋಡಿ. ಪೆಟ್ರೋಲ್ ಬಂಕಿನಲ್ಲಿ ಭಾರದ ಕಾರುಗಳಿಗೆ ತುಂಬುವಷ್ಟೇ ಇದಕ್ಕೂ ತುಂಬುತ್ತಾರೆ, ಈ ಹಗುರ ಗಾಡಿಗೆ ಅಷ್ಟು ಬೇಡ. ಬೇಸಿಗೆಯ ಧೂಳಿನಲ್ಲಿ ಕಿರುಗುಟ್ಟುವ ಸ್ಪ್ರಿಂಗ್ ಪ್ಲೇಟುಗಳು ಮೊದಲ ಮಳೆಗೆ ಸುಮ್ಮನಾಗುತ್ತವೆ. ರಾತ್ರಿಯಿಡೀ ಮಳೆಯಲ್ಲಿ ನಿಂತ ಗಾಡಿಯ ಬ್ರೇಕ್ ಬೆಳಿಗ್ಗೆ ಮೊದಲ ಕೆಲವು ಸಲ ಕರಕರ ಎನ್ನುವುದು ತೆಳುವಾದ ತುಕ್ಕಿನಿಂದ. ತೊರೆ ದಾಟಿದ ಮೇಲೆ ಒಂದು ಬದಿಗೆ ಎಳೆಯುವುದು ಡ್ರಮ್ಮಿನೊಳಗಿನ ನೀರಿನಿಂದ. ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟುಕೊಂಡೇ ಸ್ವಲ್ಪ ದೂರ ಓಡಿಸಿದರೆ ಎರಡೂ ಹೋಗಬೇಕು. ಹೋಗದಿದ್ದರೆ ಬಿಚ್ಚಿಸಿ.

ಹೊಸಬರು ಮೊದಲು ಎಲ್ಲ ಆಯಿಲುಗಳನ್ನೂ ಬದಲಾಯಿಸಲಿ: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್. ಹಳೆಯ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದರ್ಥ, ಲೋಹದ ಚೂರುಗಳಿದ್ದರೆ ಮುಂದಿನ ಖರ್ಚು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಆಗಲೇ ತಿಳಿಯುತ್ತದೆ. ಅದಾದ ಮೇಲೆ ಒಂದು ಮಳೆಗಾಲ ಕಳೆಯುವವರೆಗೆ ದೊಡ್ಡ ಟೈರು, ಎತ್ತರದ ಸ್ಪ್ರಿಂಗು ಹಾಕಿಸದೆ ಗಾಡಿಯನ್ನು ಇದ್ದಂತೆಯೇ ಓಡಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹತ್ತು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವ ಸದ್ದು ಗಾಡಿಯದು, ಯಾವುದು ಹೊಸ ಸಾಮಾನಿನದು ಎಂದು ಮೆಕ್ಯಾನಿಕ್ಕಿಗೂ ಹೇಳಲಾಗುವುದಿಲ್ಲ. ಸಾಧ್ಯವಿದ್ದರೆ, ಬಹಳ ವರ್ಷಗಳಿಂದ ಜಿಪ್ಸಿಯನ್ನು ಚೆನ್ನಾಗಿ ಇಟ್ಟುಕೊಂಡವರ ಪಕ್ಕದಲ್ಲಿ ಕೂತು ಮಡಿಕೇರಿಯಿಂದ ಭಾಗಮಂಡಲದವರೆಗೆ ಒಮ್ಮೆ ಹೋಗಿಬನ್ನಿ, ಮರುದಿನ ಅದೇ ದಾರಿಯಲ್ಲಿ ನಿಮ್ಮದನ್ನು ಓಡಿಸಿ. ಎರಡರಲ್ಲೂ ಕೇಳಿಸಿದ್ದನ್ನು ಬಿಟ್ಟು, ನಿಮ್ಮದರಲ್ಲಿ ಮಾತ್ರ ಕೇಳಿಸಿದ್ದನ್ನು ವೇಗ ಮತ್ತು ಗೇರಿನ ಸಮೇತ ಚೀಟಿಯಲ್ಲಿ ಬರೆದು ಮೆಕ್ಯಾನಿಕ್ಕಿಗೆ ಕೊಡಿ.